ಟವರ್ ಇಲ್ಲದ ಜಾಲದಲ್ಲಿ ದಾರಿ ತೋರುವವರು ಯಾರು?

ಮಾಗಡಿ ಬಳಿಯ ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಹೆಬ್ಬಂಡೆ. ರೇಡಿಯೋ ಅಲೆಗಳಿಗೆ ಇಂಥ ಬಂಡೆ ಒಂದು ಗೋಡೆಯೇ ಸರಿ. ಬೆಟ್ಟದ ಈ ಮಗ್ಗುಲಲ್ಲಿ ಕುರಿ ಕಾಯುವವನು ಆ ಮಗ್ಗುಲಿನವನಿಗೆ ಸುದ್ದಿ ಮುಟ್ಟಿಸಬೇಕಾದರೆ ಏನು ಮಾಡುತ್ತಾನೆ? ತಪ್ಪಲಿನಲ್ಲಿರುವವನನ್ನು ಕೂಗುತ್ತಾನೆ; ಅವನು ಮುಂದಿನವನನ್ನು ಕೂಗುತ್ತಾನೆ. ಟವರ್‌ಗಳ ಹಂಗಿಲ್ಲದ 'ಮೊಬೈಲ್ ಅಡ್‌ಹಾಕ್' ಜಾಲದ ತತ್ವವೂ ಇದೇ. ಇಲ್ಲಿ ಪ್ರತಿಯೊಂದು ಉಪಕರಣವೂ ಕಾಗದ ಬರೆಯುವವನೂ ಹೌದು, ಅಂಚೆಯವನೂ ಹೌದು.

ಕೈಯಿಂದ ಕೈಗೆ ಸುದ್ದಿ ದಾಟಿಸುವ ಈ ಕ್ರಮ ನಮ್ಮ ರಾಜ್ಯದ ಹೊಲಗಳಲ್ಲೂ ಪರೀಕ್ಷೆಗೊಳಗಾಗಿದೆ. 2000ರ ದಶಕದ ಮಧ್ಯಭಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ ಮಣ್ಣಿನ ತೇವ ಅಳೆಯುವ ನಿಸ್ತಂತು ಸಂವೇದಕಗಳನ್ನು ನೆಟ್ಟರು. ಮಳೆಯನ್ನೇ ನಂಬಿದ ಸಣ್ಣ ರೈತರಿಗೆ ನೆರವಾಗುವುದು ಉದ್ದೇಶ. ಅಲ್ಲಿನ ಉಪಕರಣಗಳು ನಿಂತಲ್ಲೇ ನಿಂತಿದ್ದವು. ಜನರ ಜೇಬಿನಲ್ಲಿ ಓಡಾಡುವ ಉಪಕರಣಗಳಾದರೆ ಈಗಿದ್ದ ದಾರಿ ಇನ್ನೊಂದು ಗಳಿಗೆಗೆ ಇರುವುದಿಲ್ಲ.

ಹಾಗಾದರೆ ದಾರಿ ಹುಡುಕುವುದು ಹೇಗೆ? 'ಎಓಡಿವಿ' ಎಂಬ ಪ್ರಸಿದ್ಧ ವಿಧಾನದ ನಿಯಮಗಳು 2003ರಲ್ಲಿ ಪ್ರಕಟವಾದವು. ಕಳಿಸುವವನು 'ಇಂಥವನ ದಾರಿ ಯಾರಿಗೆ ಗೊತ್ತು?' ಎಂದು ಸುತ್ತ ಸಾರುತ್ತಾನೆ. ಪ್ರಶ್ನೆ ಬಾಯಿಂದ ಬಾಯಿಗೆ ಹಬ್ಬುತ್ತದೆ. ಉತ್ತರದ ಜೊತೆ ಒಂದು ಕ್ರಮಸಂಖ್ಯೆ ಬರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಸುದ್ದಿ ತಾಜಾ ಎಂದು ಲೆಕ್ಕ.

ತೊಡಕಿರುವುದು ಇಲ್ಲೇ. ಸುಳ್ಳುಗಾರನೊಬ್ಬ ಭಾರೀ ಸಂಖ್ಯೆಯೊಂದನ್ನು ಹೇಳಿ 'ನನ್ನ ಮೂಲಕವೇ ಕಳಿಸಿ' ಎಂದರೆ ಎಲ್ಲರೂ ನಂಬುತ್ತಾರೆ. ಬಂದ ಸಂದೇಶಗಳನ್ನೆಲ್ಲ ಅವನು ನುಂಗಿ ಕೂರುತ್ತಾನೆ. ಇದಕ್ಕೆ 'ಕಪ್ಪುಕುಳಿ' ದಾಳಿ ಎಂದು ಹೆಸರು. ಸಂದೇಶವನ್ನು ಗುಪ್ತಲಿಪಿಯಲ್ಲಿ ಬರೆದರೂ ಉಪಯೋಗವಿಲ್ಲ. ಲಕೋಟೆಗೆ ಅರಗಿನ ಮುದ್ರೆ ಒತ್ತಿದರೇನು, ಅಂಚೆಯವನು ಅದನ್ನು ಬಾವಿಗೆ ಎಸೆದ ಮೇಲೆ! ಉತ್ತರ ಕೊಡುವವರೆಲ್ಲ ಡಿಜಿಟಲ್ ಸಹಿ ಹಾಕಲಿ ಎನ್ನಬಹುದು. ಆದರೆ ಮುಖ್ಯ ಕಚೇರಿಯೇ ಇಲ್ಲದ ಜಾಲದಲ್ಲಿ ಆ ಸಹಿ ಅಸಲಿ ಎಂದು ದೃಢೀಕರಿಸುವವರು ಯಾರು?

ಇನ್ನೊಂದು ಮೋಸ ಸಹಿಗೂ ಬಗ್ಗದು. ದೂರದೂರದಲ್ಲಿರುವ ಇಬ್ಬರು ಜೊತೆಗೂಡಿ ಗುಟ್ಟಿನ ಕೊಂಡಿಯೊಂದನ್ನು ಮಾಡಿಕೊಳ್ಳುತ್ತಾರೆ. ಇಲ್ಲಿ ಕೇಳಿಸಿದ್ದನ್ನು ಅಕ್ಷರವೂ ಬದಲಿಸದೆ ಅಲ್ಲಿ ಪುನರುಚ್ಚರಿಸುತ್ತಾರೆ. ದೂರದವರೂ ನೆರೆಯವರಂತೆ ತೋರುತ್ತಾರೆ. 2003ರಲ್ಲಿ ಹು, ಪೆರಿಗ್ ಮತ್ತು ಜಾನ್ಸನ್ ಇದಕ್ಕೆ ಸೂಚಿಸಿದ ಪರಿಹಾರ ಶಾಲೆಯ ಭೌತಶಾಸ್ತ್ರದಷ್ಟೇ ಸರಳ: ಸಂದೇಶದ ಮೇಲೆ ಹೊರಟ ಸಮಯ ಬರೆಯಿರಿ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಚಲಿಸುತ್ತದೆ, ಹಿಡಿದ ಹೊತ್ತಿನಿಂದ ಬಂದ ದೂರ ತಿಳಿಯುತ್ತದೆ. ಆದರೆ ಗಡಿಯಾರದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಲೆಕ್ಕ 300 ಮೀಟರ್ ಆಚೀಚೆಯಾಗುತ್ತದೆ.

ಕಳ್ಳರಿರಲಿ, ಜಿಪುಣರದೂ ಕಾಟವೇ. ಬೇರೆಯವರ ಸುದ್ದಿ ಹೊರಲು ತನ್ನ ಬ್ಯಾಟರಿ ಯಾಕೆ ಸವೆಸಬೇಕು? ಪಾವಗಡದ ಯೋಜನೆಯಲ್ಲೂ ಕೆಲಸ ಮಾಡಿದ ಲೊಸಾನ್‌ನ ಜ್ಯಾನ್-ಪಿಯೆರ್ ಹ್ಯೂಬೋ, ಸಹೋದ್ಯೋಗಿ ಲೆವೆಂಟೆ ಬುಟ್ಯಾನ್ ಜೊತೆಗೂಡಿ ಇದಕ್ಕೊಂದು ಲೆಕ್ಕದ ಪುಸ್ತಕ ಸೂಚಿಸಿದರು: ಪರರ ಸಂದೇಶ ದಾಟಿಸಿದರೆ ಜಮೆ, ತನ್ನದನ್ನು ಕಳಿಸಿದರೆ ಖರ್ಚು. ಆ ಪುಸ್ತಕವನ್ನು ಉಪಕರಣದ ಮಾಲೀಕನೇ ತಿದ್ದಿಕೊಳ್ಳದಂತೆ ಒಳಗೊಂದು ಭದ್ರವಾದ ಚಿಪ್ ಇರಬೇಕೆಂದೂ ಹೇಳಿದರು.