ಬೆವರಿಗೂ ಬೇಕು ಅಳತೆ

ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಾಸ್ಯದ ಮಾತುಂಟು. ಸಂಡೂರು ಗುಡ್ಡಗಳ ಹಸಿರಿನ ಆಸರೆ ಇದ್ದರೂ ಏಪ್ರಿಲ್ ಮಧ್ಯಾಹ್ನ ದೋಣಿಮಲೈಯಲ್ಲೂ ಬೆವರು ತಾನಾಗಿಯೇ ಇಳಿಯುತ್ತದೆ. 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿ ಆರಂಭವಾಯಿತು. ಕೆಂಪು ದೂಳು ಮೆತ್ತಿದ ಮೈಯಲ್ಲಿ ಪಾಳಿ ಮುಗಿಸಿ ಬಂದವರಿಗೆ ಹಂಡೆಯ ಬಿಸಿನೀರಿನ ಸುಖ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥ ಊರಿನಲ್ಲಿ ದುಡ್ಡು ಕೊಟ್ಟು, ಬಾಗಿಲು ಮುಚ್ಚಿಕೊಂಡು, ಹಬೆಯಲ್ಲಿ ಕುಳಿತು ಬೆವರುವುದೇ ಎಂದು ಹಿರಿಯರು ನಕ್ಕರೆ ತಪ್ಪಿಲ್ಲ.

ಆದರೆ ಹಬೆ ಸ್ನಾನ ಈಗ ಪ್ರಕೃತಿ ಚಿಕಿತ್ಸಾಲಯಗಳ ನಾಲ್ಕು ಗೋಡೆಯೊಳಗೆ ಉಳಿದಿಲ್ಲ. ಜಿಮ್‌ಗಳಿಗೆ, ಹೋಟೆಲುಗಳಿಗೆ ಬಂದಿದೆ. ಮಡಿಚಿಡಬಹುದಾದ ಡೇರೆಯ ರೂಪದಲ್ಲಿ ಮನೆಬಾಗಿಲಿಗೂ ಬರುತ್ತಿದೆ. ಕಾಲೇಜಿಗೆ ಹೋಗುವ ಮಗ 'ತೂಕ ಇಳಿಯುತ್ತದಂತೆ' ಎಂದು ಅದರೊಳಗೆ ಹೊಕ್ಕಾಗ ಅಪ್ಪ ಅಮ್ಮನಿಗೆ ಹೌದೆನ್ನಬೇಕೋ ಬೇಡವೆನ್ನಬೇಕೋ ತಿಳಿಯದು. ಹಿತವಾದ ಈ ಸ್ನಾನಕ್ಕೆ ಕೆಲವು ಕಟ್ಟುಪಾಡುಗಳಿವೆ. ಅವನ್ನು ಅರಿತರೆ ಸುಖ, ಮರೆತರೆ ಅಪಾಯ.

ಹಂಪಿಯ ಅರಸನ ಬೆವರು

ಬೆವರಿಳಿಸಿ ಸ್ನಾನ ಮಾಡುವುದು ನಮಗೆ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಸನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಸಿಕೊಂಡು ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡುತ್ತಿದ್ದ. ಆಮೇಲೆ ಜಟ್ಟಿಯೊಡನೆ ಕುಸ್ತಿ, ಕುದುರೆ ಸವಾರಿ, ಕೊನೆಗೆ ಸ್ನಾನ. ಇಲ್ಲಿ ಹಬೆಯಿಲ್ಲ, ನಿಜ. ಆದರೆ ಎಣ್ಣೆ, ಬೆವರು, ನೀರು ಎಂಬ ಕ್ರಮ ನಮ್ಮ ದೀಪಾವಳಿಯ ಎಣ್ಣೆಸ್ನಾನದವರೆಗೂ ನಡೆದುಬಂದಿದೆ.

ಹಬೆಯ ಮಾತು ಬಂದರೆ ಇನ್ನೂ ಹಿಂದಕ್ಕೆ ಹೋಗಬೇಕು. ಚರಕ ಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯ ಪೂರ್ತಿ ಸ್ವೇದನಕ್ಕೆ, ಅಂದರೆ ಬೆವರಿಸುವ ಚಿಕಿತ್ಸೆಗೆ ಮೀಸಲು. ಬೆಂಕಿಯ ನೆರವಿನಿಂದ ಬೆವರಿಸುವ 13 ವಿಧಾನಗಳು ಅದರಲ್ಲಿವೆ. ಕೊಳವೆಯಿಂದ ಹಬೆ ಹಾಯಿಸುವುದು ನಾಡೀಸ್ವೇದ. ಕಾಯಿಸಿದ ದುಂಡು ಕೋಣೆಯಲ್ಲಿ ಕೂರುವುದು ಜೇಂತಾಕ. ವಿಧಾನ ಹೇಳಿದಷ್ಟೇ ಶ್ರದ್ಧೆಯಿಂದ ಎಚ್ಚರಿಕೆಯನ್ನೂ ಹೇಳಿದೆ. ಕಣ್ಣಿಗೆ ಮತ್ತು ಎದೆಯ ಭಾಗಕ್ಕೆ ಶಾಖ ತಾಗದಂತೆ ತಂಪು ಇಡಬೇಕು. ಗರ್ಭಿಣಿಯರು, ಮಧುಮೇಹಿಗಳು, ಮದ್ಯ ಸೇವಿಸುವವರು, ಹಸಿದವರು, ಬಾಯಾರಿದವರು ಇದರಿಂದ ದೂರವಿರಬೇಕು. ಇಂದಿನ ವೈದ್ಯರು ಕೊಡುವ ಪಟ್ಟಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ!

ಇಡ್ಲಿ ಪಾತ್ರೆಯ ಪಾಠ

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಫಿನ್‌ಲೆಂಡಿನ ಜನ 'ಸೌನಾ' ಎಂಬ ಮರದ ಕೋಣೆಯಲ್ಲಿ 80-90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆರಾಮವಾಗಿ ಕೂರುತ್ತಾರೆ. ಈ ಪದ್ಧತಿ 2020ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ಹಬೆಯ ಕೋಣೆಯಲ್ಲಿ 45 ಡಿಗ್ರಿ ದಾಟಿದರೆ ಸಾಕು, ಉಸ್ಸಪ್ಪಾ ಎನ್ನುತ್ತೇವೆ. ಏಕೆ?

ಉತ್ತರ ಅಡಿಗೆಮನೆಯಲ್ಲಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಬಡಿದ ಹಬೆ ಕುದಿನೀರಿಗಿಂತ ಜೋರಾಗಿ ಸುಡುತ್ತದೆ. ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣ ಬೇಕು. ಅದೇ ಹಬೆ ಚರ್ಮ ಮುಟ್ಟಿ ಮತ್ತೆ ನೀರಾದಾಗ ಅಷ್ಟೂ ಶಾಖವನ್ನು ಚರ್ಮಕ್ಕೆ ಒಪ್ಪಿಸುತ್ತದೆ. ಒಣ ಗಾಳಿಯಲ್ಲಿ ಹೀಗಾಗದು. ಅಲ್ಲಿ ಬೆವರು ಆರುತ್ತದೆ, ಆರುವಾಗ ಮೈಯ ಶಾಖ ಒಯ್ಯುತ್ತದೆ. ಗಾಳಿಯೇ ತೇವದಿಂದ ತುಂಬಿದ ಹಬೆಯ ಕೋಣೆಯಲ್ಲಿ ಬೆವರು ಆರುವುದಿಲ್ಲ, ಬರೀ ಹರಿಯುತ್ತದೆ. ದೇಹದ ತಂಪು ಯಂತ್ರ ಓಡುತ್ತಿದ್ದರೂ ತಂಪಾಗುವುದಿಲ್ಲ. ಅದಕ್ಕೇ ಇಲ್ಲಿ ಗಡಿಯಾರ ನೋಡುವುದು ಮುಖ್ಯ.

ತೂಕ ಇಳಿಯುವುದು ನಿಜವೇ?

ಇಳಿಯುತ್ತದೆ, ಆದರೆ ಇಳಿದದ್ದು ನೀರು. ಎರಡು ಲೋಟ ನೀರು ಕುಡಿದೊಡನೆ ತಕ್ಕಡಿಯ ಮುಳ್ಳು ಹಿಂದಿನ ಜಾಗಕ್ಕೆ ಬರುತ್ತದೆ. 'ಮೈಯ ವಿಷವೆಲ್ಲ ಬೆವರಿನಲ್ಲಿ ಹೋಗುತ್ತದೆ' ಎಂಬುದೂ ಉತ್ಪ್ರೇಕ್ಷೆ. ಬೆವರಿನ ಬಹುಪಾಲು ನೀರು, ಉಳಿದದ್ದು ಮುಖ್ಯವಾಗಿ ಉಪ್ಪು. ರಕ್ತ ಶುದ್ಧಿ ಮಾಡುವ ಕೆಲಸ ಮೂತ್ರಪಿಂಡ ಮತ್ತು ಯಕೃತ್ತಿನದು. ಹಬೆ ಕೊಡುವ ಲಾಭ ಬೇರೆ: ಬಿಗಿದ ಸ್ನಾಯು ಸಡಿಲವಾಗುತ್ತದೆ, ಕಟ್ಟಿದ ಮೂಗು ತುಸು ತೆರೆಯುತ್ತದೆ, ಮನಸ್ಸು ಹಗುರಾಗುತ್ತದೆ. ಇಷ್ಟು ಸಾಲದೇ?

ಗರಡಿ, ಜಿಮ್‌ಗಳ ಹುಡುಗರು ಒಂದು ಸಂಗತಿಯನ್ನು ನೆನಪಿಡಬೇಕು. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತಮ್ಮ ತೂಕದ ವರ್ಗಕ್ಕೆ ಇಳಿಯುವ ಹಟದಲ್ಲಿ ಬೆವರು ಸುರಿಸಿ, ನೀರು ಬಿಟ್ಟು ಸತ್ತರು. ಆನಂತರ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ತೂಕ ಇಳಿಸಲು ಸೌನಾ ಬಳಸುವುದನ್ನೇ ನಿಷೇಧಿಸಿತು. ಪಂದ್ಯದ ಹಿಂದಿನ ದಿನ ನೀರು ಬಿಟ್ಟು ಬೆವರುವುದು ಪಟ್ಟು ಅಲ್ಲ, ಪ್ರಾಣದೊಡನೆ ಆಟ. ಶಾಖಕ್ಕೆ ಪಳಗಿದವರನ್ನೂ ಅದು ಬಿಟ್ಟಿಲ್ಲ. ಫಿನ್‌ಲೆಂಡಿನ ಹೈನೊಲಾದಲ್ಲಿ ಯಾರು ಹೆಚ್ಚು ಹೊತ್ತು ಕೂರುತ್ತಾರೆ ಎಂಬ ಸೌನಾ ಸ್ಪರ್ಧೆಯೇ ನಡೆಯುತ್ತಿತ್ತು. 2010ರಲ್ಲಿ 110 ಡಿಗ್ರಿಯ ಅಂತಿಮ ಸುತ್ತಿನಲ್ಲಿ ಒಬ್ಬ ಸ್ಪರ್ಧಿ ತೀರಿಕೊಂಡ, ಇನ್ನೊಬ್ಬ ತೀವ್ರವಾಗಿ ಸುಟ್ಟುಕೊಂಡ. ಸ್ಪರ್ಧೆ ಅಲ್ಲಿಗೇ ನಿಂತಿತು.

ಹೀಗೆ ಮಾಡಿ

ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಖಾಲಿ ಹೊಟ್ಟೆಯೂ ಬೇಡ. ಒಂದೆರಡು ಲೋಟ ನೀರು ಕುಡಿಯಿರಿ. ಸರ, ಉಂಗುರ, ಗಡಿಯಾರ ತೆಗೆದಿಡಿ. ಲೋಹ ಬೇಗ ಕಾಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಅದನ್ನೂ ತೆಗೆಯಿರಿ. ಮೈಗೆ ನೀರು ಹಾಕಿಕೊಂಡು ಸ್ವಚ್ಛವಾದ ಮೇಲೆ ಒಳಗೆ ಹೋಗಿ. ಕೂರುವ ಜಾಗದಲ್ಲಿ ನಿಮ್ಮದೇ ಒಗೆದ ಟವೆಲ್ ಹಾಸಿ. ತೇವ ಇರುವಲ್ಲಿ ಹುಳುಕಡ್ಡಿಯೂ ಇರಬಹುದು.

ತಲೆ ಹೊರಗೆ ಉಳಿಯುವಂಥ ಪೆಟ್ಟಿಗೆ ಹೊಸಬರಿಗೆ ಒಳ್ಳೆಯದು. ಉಸಿರಿಗೆ ತಂಪು ಗಾಳಿ ಸಿಗುತ್ತದೆ. ಕೋಣೆಯಾದರೆ ತಲೆಗೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಸುತ್ತಿಕೊಳ್ಳಿ. ಹಬೆ ಹೊರಬರುವ ಕಂಡಿಯ ಬಳಿ ಕಾಲು ಇಡಬೇಡಿ. ಮೊದಲ ದಿನ ಐದರಿಂದ ಏಳು ನಿಮಿಷ ಸಾಕು. ರೂಢಿಯಾದ ಮೇಲೂ ಹದಿನೈದು ನಿಮಿಷ ದಾಟಬೇಡಿ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಬೇಡಿ. ಹೊರಗೆ ಒಬ್ಬರು ಕೂಗಿದರೆ ಓಗೊಡುವಷ್ಟು ಹತ್ತಿರ ಇರಲಿ.

ತಲೆ ಸುತ್ತು, ವಾಕರಿಕೆ, ಎದೆ ಡವಡವ, ಕಣ್ಣು ಮಂಜು - ಇವುಗಳಲ್ಲಿ ಯಾವುದೇ ಒಂದು ಕಂಡರೂ ಸಮಯ ನೋಡದೆ ಹೊರಬನ್ನಿ. ಏಳುವಾಗ ನಿಧಾನ. ಶಾಖಕ್ಕೆ ರಕ್ತನಾಳಗಳು ಹಿಗ್ಗಿರುತ್ತವೆ. ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಬೀಳಬಹುದು. ಮೈ ತುಸು ಆರಿದ ಮೇಲೆ ಉಗುರುಬೆಚ್ಚಗಿನ ನೀರಿನಿಂದ ಸ್ನಾನ, ಆಮೇಲೆ ಅರ್ಧ ಗಂಟೆ ವಿಶ್ರಾಂತಿ. ಚಿಟಿಕೆ ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ರುಚಿಯಾದ ಪಾನೀಯ ಆ ಹೊತ್ತಿನಲ್ಲಿ ಬೇರೆ ಸಿಗಲಾರದು.

ಯಾರಿಗೆ ಬೇಡ?

ಗರ್ಭಿಣಿಯರು, ಜ್ವರ ಇರುವವರು, ಮೂರ್ಛೆರೋಗ ಇರುವವರು, ಮದ್ಯ ಸೇವಿಸಿದವರು ಒಳಗೆ ಕಾಲಿಡಲೇಬಾರದು. ಹೃದ್ರೋಗ, ರಕ್ತದೊತ್ತಡ, ಮಧುಮೇಹ, ಉಬ್ಬಸ ಇರುವವರು, ನಿತ್ಯ ಔಷಧ ನುಂಗುವವರು ವೈದ್ಯರನ್ನು ಕೇಳದೆ ಹೋಗಬಾರದು. ಚಿಕ್ಕ ಮಕ್ಕಳಿಗಂತೂ ಬೇಡ. ಅವರ ಮೈ ಬೇಗ ಕಾಯುತ್ತದೆ, ದೊಡ್ಡವರಷ್ಟು ಬೆವರಿ ತಂಪಾಗದು. ಬಿಸಿಲಿನಲ್ಲಿ ಆಡಿ ಬಂದ ಮಗುವಿಗೆ ಬೇಕಾದದ್ದು ನೀರು, ನೆರಳು, ಹಬೆಯಲ್ಲ.

ಮನೆಯ ಹಬೆ

ಶೀತವಾದಾಗ ಪಾತ್ರೆಯಲ್ಲಿ ಕುದಿನೀರಿಟ್ಟು, ಕಂಬಳಿ ಮುಚ್ಚಿಕೊಂಡು ಹಬೆ ತೆಗೆದುಕೊಳ್ಳುವುದು ಮನೆಮನೆಯ ಮದ್ದು. 2020-21ರ ಕೊರೊನಾ ದಿನಗಳಲ್ಲಿ ಇದು ಮಿತಿಮೀರಿತು. ಹಬೆಯಿಂದ ಆ ವೈರಾಣು ಸಾಯುವುದಿಲ್ಲ. ಆದರೆ ಮಗುಚಿದ ಪಾತ್ರೆ ಮಗುವಿನ ತೊಡೆ ಸುಡುತ್ತದೆ. ಪಾತ್ರೆಯನ್ನು ಮಡಿಲಲ್ಲಿ, ಹಾಸಿಗೆಯ ಮೇಲೆ ಇಡಬೇಡಿ. ಅಲುಗದ ಮೇಜಿನ ಮೇಲೆ, ಕುದಿತ ನಿಂತ ನೀರಿಗೆ, ಒಂದು ಮೊಳ ದೂರದಿಂದ ಮುಖವೊಡ್ಡಿ. ಕುಕ್ಕರಿಗೆ ಕೊಳವೆ ಸಿಕ್ಕಿಸುವ ಸಾಹಸ ಬೇಡವೇ ಬೇಡ. ಹಬೆ ನಿಲ್ಲಲೆಂದು ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಟಕಿ ಮುಚ್ಚುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಎಚ್ಚರ ತಪ್ಪಿದ್ದೇ ತಿಳಿಯುವುದಿಲ್ಲ. ಸೌದೆ ಒಲೆಯ ಬಚ್ಚಲಿಗೂ ಇದೇ ಮಾತು.

ಈ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಯುವ ಆಸಕ್ತಿ ಇರುವ ವಿದ್ಯಾರ್ಥಿಗಳಿಗೂ ದಾರಿಯಿದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಪದವಿ ಶಿಕ್ಷಣ ನೀಡುತ್ತಿದೆ. ಯಾರ ಮೈಗೆ ಎಷ್ಟು ಶಾಖ, ಎಷ್ಟು ಹೊತ್ತು ಎಂಬುದೇ ಅಲ್ಲಿಯ ಪಾಠಗಳಲ್ಲಿ ಒಂದು. ಮನೆಯಲ್ಲಿರುವ ನಮಗೆ ಅಷ್ಟೆಲ್ಲ ಬೇಡ. ಇನ್ನೂ ಎರಡು ನಿಮಿಷ ಕೂರೋಣ ಎನಿಸುವಾಗಲೇ ಎದ್ದು ಬರುವುದನ್ನು ಕಲಿತರೆ ಸಾಕು.