ಬಸಿರಿಗೆ ಮುನ್ನಿನ ಮೈತೂಕ

ಸೊಸೆ ಬಸುರಿಯಾದ ಸುದ್ದಿ ತಿಳಿದೊಡನೆ ನಮ್ಮ ಮನೆಗಳಲ್ಲಿ ಉಪಚಾರ ಆರಂಭವಾಗುತ್ತದೆ. ಕುಬಸಕ್ಕೆ ತವರಿನಿಂದ ಬಗೆಬಗೆಯ ಬುತ್ತಿ ಬರುತ್ತದೆ. ಆದರೆ ಗರ್ಭ ನಿಲ್ಲುವ ಮೊದಲು ಆಕೆಯ ತೂಕವೆಷ್ಟಿತ್ತೆಂದು ವೈದ್ಯರು ಕೇಳಿದರೆ ಉತ್ತರಿಸಬಲ್ಲವರು ನಮ್ಮಲ್ಲಿ ವಿರಳ. ಆ ಪ್ರಶ್ನೆಗೆ ಬಲವಾದ ಕಾರಣವುಂಟು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2004ರಿಂದ 2013ರವರೆಗೆ ಹೆರಿಗೆಯಾದ 7 ಲಕ್ಷ 43 ಸಾವಿರಕ್ಕೂ ಮಿಕ್ಕ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಬಸಿರಿನಲ್ಲಿ ಸೆಳವು, ತೀವ್ರ ರಕ್ತಸ್ರಾವ, ರಕ್ತಕ್ಕೆ ನಂಜೇರುವುದು, ಮೂತ್ರಪಿಂಡ ಕೆಡುವುದು ಇವೇ ಮೊದಲಾದ ಪ್ರಾಣಾಪಾಯದ ತೊಡಕುಗಳು ಸಮತೂಕದವರಲ್ಲಿ ಹತ್ತು ಸಾವಿರಕ್ಕೆ ಸುಮಾರು 143 ಮಂದಿಗೆ ಒದಗಿದ್ದರೆ, ಅತಿಯಾಗಿ ಸ್ಥೂಲರಾದವರಲ್ಲಿ ಸುಮಾರು 203 ಮಂದಿಗೆ ಒದಗಿದ್ದವು. ಇದು ನಿರೀಕ್ಷಿತವೇ. ನಮ್ಮನ್ನು ಆಲೋಚನೆಗೆ ಹಚ್ಚಿದ ಅಂಶ ಬೇರೆ. ತುಸು ದಪ್ಪಗಿದ್ದವರಲ್ಲಿ ಈ ಸಂಖ್ಯೆ 160; ತೀರ ತೆಳ್ಳಗಿದ್ದವರಲ್ಲಿ 171ಕ್ಕೂ ಹೆಚ್ಚು!

ಗಾಬರಿ ಬೇಡ. ಯಾವ ಗುಂಪಿನಲ್ಲೇ ಆಗಲಿ, ಬಹುಪಾಲು ತಾಯಂದಿರು ಇಂಥ ತೊಡಕಿಲ್ಲದೆಯೇ ಹೆತ್ತರು. ಆದರೂ ಕನ್ಯೆ ನೋಡಲು ಹೋದಾಗ ಬಳುಕುವ ಬಳ್ಳಿಯಂತಿರಬೇಕೆಂದು ಬಯಸಿ, ಮನೆ ತುಂಬಿಸಿಕೊಂಡ ಮೇಲೆ ಎಲ್ಲರ ಊಟ ಮುಗಿದ ಬಳಿಕ ಆಕೆಗೆ ಉಣಬಡಿಸುವ ನಾವು ಈ ಅಂಕಿಯನ್ನು ಎರಡು ಸಲ ಓದಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 19ರಷ್ಟು ಮಂದಿ ಕೃಶರು, ಶೇಕಡ 24ರಷ್ಟು ಮಂದಿ ಅತಿತೂಕದವರು. ಸ್ಥೂಲಕಾಯದವರಿಗೆ ಬಸಿರಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಕಾಡುವ ಸಂಭವ ಹೆಚ್ಚು. ಅರೆಹೊಟ್ಟೆಯಿಂದ ಸೊರಗಿದವಳಲ್ಲಿ ಹಲವು ವೇಳೆ ರಕ್ತಹೀನತೆಯೂ ಇರುತ್ತದೆ. ಅಂಥವಳು ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳಲಾರಳು.

ಲೆಕ್ಕ ಸುಲಭ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಫಲ 18.5ಕ್ಕಿಂತ ಕೆಳಗಿದ್ದರೆ ಕೃಶ. ಭಾರತೀಯರಿಗೆ 23 ದಾಟಿದರೆ ಹೆಚ್ಚು. ಐದು ಅಡಿ ಎತ್ತರದ ಹೆಣ್ಣುಮಗಳಿಗೆ ಇದು ಸರಿಸುಮಾರು 43ರಿಂದ 53 ಕಿಲೋ ಎಂದಾಗುತ್ತದೆ.

ತೂಕವನ್ನು ತಿದ್ದಿಕೊಳ್ಳಲು ತಿಂಗಳುಗಳೇ ಬೇಕು. ಆದುದರಿಂದ ಮಗು ಬೇಕೆಂದು ದಂಪತಿಗಳು ನಿಶ್ಚಯಿಸಿದಾಗಲೇ ವೈದ್ಯರನ್ನು ಕಾಣುವುದು ಲೇಸು. ರಕ್ತದ ಪರೀಕ್ಷೆಯೂ ಆಗುತ್ತದೆ, ಫೋಲಿಕ್ ಆಮ್ಲದ ಗುಳಿಗೆಯೂ ವೇಳೆಗೆ ಮೊದಲೇ ಆರಂಭವಾಗುತ್ತದೆ. ಸೊರಗಿದವಳಿಗೆ ರೊಟ್ಟಿಯೊಡನೆ ಕಾಳುಪಲ್ಯ, ಹಾಲು, ಶೇಂಗಾ ಧಾರಾಳವಾಗಿರಲಿ. ದಪ್ಪಗಿರುವವಳು ಉಪವಾಸ ಬಿದ್ದು ಸೊರಗಬೇಕಿಲ್ಲ. ಕರಿದದ್ದು, ಸಿಹಿ ಕಡಿಮೆ ಮಾಡಿ ದಿನವೂ ನಡೆದರೆ ನಿಧಾನವಾಗಿ ಇಳಿಯುತ್ತದೆ. ಗರ್ಭ ನಿಂತ ಮೇಲೆ ಮಾತ್ರ ತೂಕ ಇಳಿಸುವ ಪ್ರಯತ್ನ ಸಲ್ಲದು. ಆಗ ಎಷ್ಟು ಏರಬೇಕೆಂಬುದನ್ನು ವೈದ್ಯರೇ ಹೇಳುತ್ತಾರೆ, ಮೊದಲಿನ ತೂಕ ಬರೆದಿಟ್ಟ ಚೀಟಿಯನ್ನು ನೋಡಿ.