ಕಳಚಿದ ಕಿರೀಟ

ಕಳೆದ ಸಂಕ್ರಾಂತಿಯ ಸಂಜೆ ಮೊಮ್ಮಗಳು ಬೆಳ್ಳಿಯ ಬಟ್ಟಲಿನಲ್ಲಿ ಎಳ್ಳು ತಂದು ನನ್ನ ಅಂಗೈಗೆ ಸುರಿದಳು. ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಕೊಬ್ಬರಿ, ಬೆಲ್ಲ ಎಲ್ಲವೂ ಕೂಡಿದ ಆ ಹಿಡಿಯನ್ನು ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿದಿದ್ದೆನೋ ಇಲ್ಲವೋ, ಗಟ್ಟಿಯಾದದ್ದೇನೋ ನಾಲಗೆಗೆ ಸಿಕ್ಕಿತು. ಎಳ್ಳನ್ನು ಸರಿಯಾಗಿ ಆರಿಸಿಲ್ಲವೆಂದು ಸೊಸೆಯ ಮೇಲೆ ತುಸು ಅಸಮಾಧಾನವೇ ಆಯಿತು. ಅಂಗೈಗೆ ಉಗುಳಿ ನೋಡುತ್ತಿರುವಾಗ ಮೊಮ್ಮಗಳು, “ತಾತ, ಅದು ಕಲ್ಲಲ್ಲ, ನಿಮ್ಮ ಹಲ್ಲು” ಎಂದಳು. ನಿಜವಾಗಿ ಅದು ಹಲ್ಲೂ ಅಲ್ಲ. ಹನ್ನೊಂದು ವರ್ಷಗಳ ಹಿಂದೆ ದಂತವೈದ್ಯರು ನನ್ನ ಕೆಳದವಡೆಯ ಹಲ್ಲೊಂದಕ್ಕೆ ತೊಡಿಸಿದ್ದ ಹೊದಿಕೆ ಅದು.

ಈ ಹೊದಿಕೆಯನ್ನು ವೈದ್ಯರು ‘ಕ್ರೌನ್’ ಎನ್ನುತ್ತಾರೆ, ಎಂದರೆ ಕಿರೀಟ. ನಮ್ಮ ಜನ ‘ಕ್ಯಾಪ್’ ಎನ್ನುತ್ತಾರೆ, ಎಂದರೆ ಟೋಪಿ. ಟೋಪಿ ಹಾಕಿಸಿಕೊಂಡೆ ಎಂದರೆ ಕನ್ನಡದಲ್ಲಿ ಬೇರೆಯೇ ಅರ್ಥ ಹುಟ್ಟುವುದರಿಂದ ಕಿರೀಟವೆಂದೇ ಕರೆಯೋಣ. ಬಿಲ್ಲು ಕೈಗೆ ಬಂದ ದಿನ ಮಾತ್ರ ನನಗೆ ಇನ್ನೊಂದು ಹೆಸರೇ ಹೆಚ್ಚು ಸಮಂಜಸವಾಗಿ ತೋರಿತ್ತು.

ಹಲ್ಲಿಗೆ ಕಿರೀಟವೇಕೆ ಬೇಕಾಗುತ್ತದೆ? ಹಲ್ಲಿನ ಹೊರಗವಚವಾದ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಕಠಿಣವಾದ ವಸ್ತು. ಆದರೆ ಮುರಿದ ಎಲುಬು ಕೂಡಿಕೊಳ್ಳುವಂತೆ ಒಡೆದ ಎನಾಮಲ್ ಕೂಡಿಕೊಳ್ಳದು. ಅದನ್ನು ಕಟ್ಟಿದ ಕೋಶಗಳು ಹಲ್ಲು ವಸಡಿನಿಂದ ಮೇಲೆದ್ದು ಬರುವಷ್ಟರಲ್ಲಿಯೇ ಇಲ್ಲವಾಗಿರುತ್ತವೆ. ಹುಳುಕು ಆಳಕ್ಕಿಳಿದು ಹಲ್ಲು ದುರ್ಬಲವಾದಾಗ, ಅಥವಾ ಬೇರುನಾಳದ ಚಿಕಿತ್ಸೆ ಮಾಡಿ ಒಳಗಿನ ತಿರುಳನ್ನು ತೆಗೆದಾಗ, ಉಳಿದ ಭಾಗವನ್ನು ಸುತ್ತಲೂ ಅರೆದು ಸಣ್ಣ ಗೂಟದಂತೆ ಮಾಡಿ ಅದರ ಮೇಲೆ ಕಿರೀಟವನ್ನು ಕೂರಿಸುತ್ತಾರೆ. ಹೀಗಾಗಿ ಕಿರೀಟ ಕಳಚಿತೆಂದರೆ ಉಳಿಯುವುದು ರಾಜನಲ್ಲ, ಬರಿಯ ಗೂಟ. ಅದರ ಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸೂಕ್ಷ್ಮನಾಳಗಳಿರುತ್ತವೆ. ಹಲ್ಲು ಜೀವಂತವಾಗಿದ್ದರೆ ತಣ್ಣೀರಾಗಲಿ ಸಿಹಿಯಾಗಲಿ ಸೋಕಿದೊಡನೆ ಆ ನಾಳಗಳೊಳಗಿನ ದ್ರವ ಅಲುಗಾಡಿ ನರವನ್ನು ಚುಚ್ಚುತ್ತದೆ. ತಿರುಳು ತೆಗೆದ ಹಲ್ಲಾದರೆ ನೋವೇ ಇಲ್ಲ. ನೋಯುವ ಹಲ್ಲಿನವನು ಮರುದಿನವೇ ವೈದ್ಯರ ಬಾಗಿಲಲ್ಲಿರುತ್ತಾನೆ. ನೋಯದ ಹಲ್ಲಿನವನು ಯುಗಾದಿ ಕಳೆಯಲಿ ಎನ್ನುತ್ತಾನೆ. ನನ್ನದು ನೋಯದ ಹಲ್ಲು.

ಕೈಯಲ್ಲಿದ್ದ ಆ ಪುಟ್ಟ ವಸ್ತುವನ್ನು ತಿರುಗಿಸಿ ನೋಡುತ್ತ ಕುಳಿತಾಗ ಅದರ ವಂಶಾವಳಿ ನೆನಪಾಯಿತು. ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ ಇಟಲಿಯ ಎಟ್ರುಸ್ಕನರು ಚಿನ್ನದ ಪಟ್ಟಿಗಳಿಂದ ಹಲ್ಲುಗಳನ್ನು ಬಿಗಿಯುತ್ತಿದ್ದರು. ಪಿಂಗಾಣಿಯ ಕಿರೀಟಕ್ಕೆ 1889ರಲ್ಲಿ ಹಕ್ಕುಪತ್ರ ಪಡೆದವನು ಅಮೆರಿಕದ ಡೆಟ್ರಾಯಿಟಿನ ಚಾರ್ಲ್ಸ್ ಲ್ಯಾಂಡ್. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ವಿಮಾನದಲ್ಲಿ ದಾಟಿದ ಲಿಂಡ್‌ಬರ್ಗ್ ಈತನ ಮಗಳ ಮಗ. ಲೋಹವನ್ನು ಎರಕ ಹೊಯ್ದು ಹಲ್ಲಿಗೆ ಕರಾರುವಾಕ್ಕಾಗಿ ಹೊಂದಿಸುವ ವಿಧಾನವನ್ನು ವಿಲಿಯಂ ಟ್ಯಾಗರ್ಟ್ ಎಂಬ ದಂತವೈದ್ಯ 1907ರಲ್ಲಿ ಬೆಳಕಿಗೆ ತಂದ. ಮೇಣದಲ್ಲಿ ಆಕಾರ ಮಾಡಿ, ಸುತ್ತಲೂ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಪೊಳ್ಳಿನಲ್ಲಿ ಕರಗಿದ ಲೋಹವನ್ನು ಹೊಯ್ಯುವುದು ಅವನ ಕ್ರಮ. ಕನ್ನಡಿಗರಾದ ನಮಗೆ ಇದು ಹೊಸತಾಗಿ ತೋರಬೇಕಾದ್ದಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ವಿಗ್ರಹಗಳನ್ನು ಎರಕ ಹೊಯ್ಯುವ ಇದೇ ಮೇಣದ ವಿಧಾನವನ್ನು ವಿವರಿಸಿದ್ದಾನೆ. ದೇವರ ಮೂರ್ತಿಗೆ ಒದಗಿದ ವಿದ್ಯೆ ದವಡೆಹಲ್ಲಿಗೂ ಒದಗಿತು. ಈಗ ಜಿರ್ಕೋನಿಯವೆಂಬ ಗಟ್ಟಿಯಾದ ಬಿಳಿಯ ವಸ್ತುವಿನಿಂದ, ಗಣಕಯಂತ್ರದ ನೆರವಿನಿಂದ ಕೆತ್ತಿದ ಕಿರೀಟಗಳೂ ಬಂದಿವೆ.

ಕಿರೀಟ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹಿಡಿದಿರುವುದು ಕೂದಲೆಳೆಯಷ್ಟು ತೆಳುವಾದ ಸಿಮೆಂಟು. ಬಹುಕಾಲ ಜಿಂಕ್ ಫಾಸ್ಫೇಟ್ ಈ ಕೆಲಸ ಮಾಡಿತು. 1972ರಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬ ರಸಾಯನವಿಜ್ಞಾನಿಗಳು ಗಾಜಿನ ಪುಡಿಯಿಂದಾಗುವ, ಹಲ್ಲಿಗೆ ರಾಸಾಯನಿಕವಾಗಿಯೇ ಅಂಟಿಕೊಳ್ಳುವ ಹೊಸ ಸಿಮೆಂಟನ್ನು ಪ್ರಕಟಪಡಿಸಿದರು. ಯಾವುದಾದರೂ ವರ್ಷಗಟ್ಟಲೆ ಜೊಲ್ಲಿನಲ್ಲಿ ನೆನೆದು ಸವೆಯುವುದೇ. ಅಂಚಿನಲ್ಲಿ ಸಂದು ಬಿಟ್ಟಾಗ ಹುಳುಕು ಕಿರೀಟದಡಿಗೆ ನುಸುಳುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೂ ಅಡಕೆ ಅಗಿಯುವವರಿಗೂ ಅಪಾಯ ಹೆಚ್ಚು.

ಹಬ್ಬ ಮುಗಿಯಲಿ, ಆಮೇಲೆ ನೋಡೋಣವೆಂದು ಕಿರೀಟವನ್ನು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಗೆ ಹಾಕಲು ಹೊರಟವನ ಕೈ ತಡೆದದ್ದು ಅಣ್ಣನ ನೆನಪು.

ನಮ್ಮಣ್ಣ ಗಮಕಿ. ಹೆಸರಾಂತವನಲ್ಲದಿದ್ದರೂ ಊರಿನ ದೇವಸ್ಥಾನದ ಹಜಾರದಲ್ಲಿ ಅವನು ಕಾವ್ಯ ಓದುವನೆಂದರೆ ಜನ ಸೇರುತ್ತಿದ್ದರು. ಒಂದು ಉಸಿರಿನಲ್ಲಿ ಷಟ್ಪದಿಯ ಮೂರು ಸಾಲುಗಳನ್ನು ಎಳೆಯಬಲ್ಲವನಾಗಿದ್ದ. ಅವನ ಮೇಲಿನ ಮುಂಬಲ್ಲಿನ ಕಿರೀಟ ಕಳಚಿತು. ತವರ್ಗವನ್ನೂ ಸಕಾರವನ್ನೂ ನಮ್ಮ ವೈಯಾಕರಣರು ದಂತ್ಯಗಳೆಂದು ಕರೆದದ್ದು ಎಷ್ಟು ನಿಜವೆಂಬುದು ಅವನಿಗೆ ಅಂದು ತಿಳಿಯಿತು. ‘ಸ’ ಎನ್ನಹೋದರೆ ಸಿಳ್ಳು ಬರುತ್ತಿತ್ತು. ಓದು ನಡೆಯುತ್ತಿದ್ದ ಕಾಲ. ಹಲ್ಲುಸೆಟ್ಟಿಗೆ ಬಳಸುವ ಪೇಸ್ಟನ್ನು ತಂದು ಬೆಳಗ್ಗೆ ಬೆಳಗ್ಗೆ ತಾನೇ ಅಂಟಿಸಿಕೊಂಡು ದಿನ ದೂಡಿದ. ರಾತ್ರಿಯೂ ತೆಗೆದಿಡುತ್ತಿರಲಿಲ್ಲ, ಬೊಕ್ಕಬಾಯನ್ನು ಮನೆಯವರಿಗೂ ತೋರಿಸಲಾರದ ಸಂಕೋಚ. ಒಂದು ರಾತ್ರಿ ಕೆಮ್ಮುತ್ತ ಎದ್ದ. ಕಿರೀಟ ಬಾಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ನುಂಗಿಬಿಟ್ಟೆ, ಹೊಟ್ಟೆಗೆ ಹೋದದ್ದು ತಾನೇ ಹೋಗುತ್ತದೆ ಎಂದುಕೊಂಡ.

ನುಂಗಿದ್ದರೆ ಅವನ ಮಾತು ಸರಿಯೇ. ಹೊಟ್ಟೆಗಿಳಿದ ಕಿರೀಟ ಬಹುಮಟ್ಟಿಗೆ ಕೆಲವು ದಿನಗಳಲ್ಲಿ ತೊಂದರೆಯಿಲ್ಲದೆ ಹೊರಬೀಳುತ್ತದೆ. ಆದರೆ ಅಣ್ಣನದು ಹೊಟ್ಟೆಗೆ ಹೋಗಿರಲಿಲ್ಲ. ಶ್ವಾಸನಾಳ ಎದೆಯಲ್ಲಿ ಎರಡು ಕವಲಾಗುತ್ತದೆ. ಬಲಗವಲು ಎಡಗವಲಿಗಿಂತ ಅಗಲವಾಗಿಯೂ ನೇರವಾಗಿಯೂ ಇರುವುದರಿಂದ ಹಾದಿ ತಪ್ಪಿದ ವಸ್ತು ಸಾಮಾನ್ಯವಾಗಿ ಅಲ್ಲಿಗೇ ಇಳಿಯುತ್ತದೆ. ಅಲ್ಲಿ ಸಿಕ್ಕಿಕೊಂಡ ಮೇಲೆ ಕೆಮ್ಮು ಕೆಲಕಾಲ ತಣ್ಣಗಾಗುವುದೂ ಉಂಟು. ಮೋಸ ಇರುವುದು ಅಲ್ಲಿಯೇ. ಮೂರು ವಾರಗಳ ಮೇಲೆ ಜ್ವರ, ಕಫ, ಉಬ್ಬಸ. ನೋಡಿದ ವೈದ್ಯರು ದಮ್ಮೆಂದು ಔಷಧ ಕೊಟ್ಟರು. ಹಲ್ಲಿನ ಸಂಗತಿಯನ್ನು ಅಣ್ಣ ಹೇಳಲಿಲ್ಲ, ಅವರು ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ತೆಗೆಸಿದ ಕ್ಷಕಿರಣ ಚಿತ್ರದಲ್ಲಿ ಬಲಗಡೆ ಬೆಳ್ಳಗೆ ಕಂಡಿತು. ನಳಿಗೆ ಇಳಿಸಿ ತೆಗೆದರು. ಆ ಹೊತ್ತಿಗೆ ಶ್ವಾಸಕೋಶದ ಕೆಳಭಾಗ ಕೆಟ್ಟಿತ್ತು. ಅಣ್ಣ ಉಳಿದ; ಆದರೆ ಆಮೇಲೆ ಒಂದು ಸಾಲಿಗೆ ಎರಡು ಕಡೆ ಉಸಿರು ತೆಗೆದುಕೊಳ್ಳಬೇಕಾಯಿತು. ಒಂದೆರಡು ಸಲ ಯತ್ನಿಸಿ, ಪುಸ್ತಕವನ್ನು ಕಟ್ಟಿ ಅಟ್ಟದ ಮೇಲಿಟ್ಟ.

ಆದುದರಿಂದ ಕಿರೀಟ ಕಳಚಿದವರು ಮೊದಲು ಮಾಡಬೇಕಾದದ್ದು ಅದನ್ನು ಬಾಯಿಂದ ಹೊರತೆಗೆಯುವುದು. ಕಾಣದೆ ಹೋಗಿ, ಕೆಮ್ಮಾಗಲಿ ಉಬ್ಬಸವಾಗಲಿ ಒಮ್ಮೆ ಬಂದಿದ್ದರೂ ಸರಿ, ತಡಮಾಡದೆ ಆಸ್ಪತ್ರೆಗೆ ಹೋಗಿ ಹಲ್ಲಿನ ಮಾತನ್ನು ಬಾಯಿಬಿಟ್ಟು ಹೇಳಬೇಕು. ಸಿಕ್ಕಿದ್ದರೆ ನೀರಿನಲ್ಲಿ ತೊಳೆಯಿರಿ. ತೊಟ್ಟಿಯ ಕಿಂಡಿಗೆ ಬಟ್ಟೆ ಒತ್ತಿ ತೊಳೆಯಿರಿ, ಎಷ್ಟೋ ಕಿರೀಟಗಳು ಕೊನೆಗೆ ಸೇರುವುದು ಚರಂಡಿಯನ್ನು. ಒಳಗೆ ಇಣುಕಿ ನೋಡಿ. ಟೊಳ್ಳಾಗಿದ್ದರೆ ಸಿಮೆಂಟು ಮಾತ್ರ ಬಿಟ್ಟಿದೆ, ಅದನ್ನೇ ಮತ್ತೆ ಕೂರಿಸುವ ಆಸೆಯುಂಟು. ಹಲ್ಲಿನ ಚೂರು ತುಂಬಿಕೊಂಡಿದ್ದರೆ ಗೂಟವೇ ಮುರಿದಿದೆ ಎಂದು ತಿಳಿಯಬೇಕು. ಬೇರುಸಹಿತ ಬಿದ್ದ ನಿಜವಾದ ಹಲ್ಲನ್ನು ಹಾಲಿನಲ್ಲಿಟ್ಟು ಒಂದು ಗಂಟೆಯೊಳಗೆ ವೈದ್ಯರಲ್ಲಿಗೆ ಓಡಬೇಕೆಂದು ನೀವು ಕೇಳಿರಬಹುದು. ಕಿರೀಟಕ್ಕೆ ಜೀವವಿಲ್ಲ, ಅದಕ್ಕೆ ಒಂದು ಗಟ್ಟಿ ಡಬ್ಬಿ ಸಾಕು. ಕಾಗದದಲ್ಲಿ ಸುತ್ತಿದರೆ ಗುಡಿಸುವವರ ಪಾಲಾಗುತ್ತದೆ.

ವೈದ್ಯರು ಸಿಗುವವರೆಗೆ ಆ ಕಡೆಯಿಂದ ಅಗಿಯಬಾರದು. ಗೂಟವನ್ನು ಮೃದುವಾಗಿ ಉಜ್ಜಿ ಶುಚಿಯಾಗಿಡಬೇಕು. ಚಳುಕಿದ್ದರೆ ಹತ್ತಿಯ ತುದಿಯಲ್ಲಿ ತುಸು ಲವಂಗದೆಣ್ಣೆ ಸೋಕಿಸಬಹುದು. ಇದು ಬರಿಯ ಅಜ್ಜಿಮದ್ದಲ್ಲ. ಅದರೊಳಗಿನ ಯೂಜೆನಾಲ್ ಎಂಬ ಸತ್ವವನ್ನು ದಂತವೈದ್ಯರೂ ಬಳಸುತ್ತಾರೆ. ಹಗಲಿನ ಮಟ್ಟಿಗೆ ಕೂರಿಸಿಕೊಳ್ಳಲೇಬೇಕೆಂದರೆ ಔಷಧದಂಗಡಿಯಲ್ಲಿ ತಾತ್ಕಾಲಿಕ ಸಿಮೆಂಟು ದೊರೆಯುತ್ತದೆ. ಮಲಗುವ ಮುನ್ನ ಮಾತ್ರ ತೆಗೆದಿಡಬೇಕು. ಚಪ್ಪಲಿಗೂ ಆಟದ ಸಾಮಾನಿಗೂ ಹಚ್ಚುವ, ಕ್ಷಣದಲ್ಲಿ ಹಿಡಿಯುವ ಅಂಟನ್ನು ಬಾಯಿಗೆ ತರಲೇಬಾರದು. ಅದು ವಸಡನ್ನು ಸುಡುತ್ತದೆ. ಕಿರೀಟ ಸೊಟ್ಟಗೆ ಕೂತು ಹಾಗೆಯೇ ಹಿಡಿದುಕೊಂಡರೆ ಕಿತ್ತು ಸರಿಮಾಡುವುದು ವೈದ್ಯರಿಗೂ ಕಷ್ಟ.

ವಾರಗಟ್ಟಲೆ ಕಾಯುವುದೂ ಸಲ್ಲದು. ಪಕ್ಕದ ಹಲ್ಲುಗಳು ತೆರವಾದ ಜಾಗಕ್ಕೆ ವಾಲುತ್ತವೆ, ಎದುರಿನದು ಇಳಿದುಬರುತ್ತದೆ. ಬೇಲಿ ಕಿತ್ತ ಜಮೀನಿಗೆ ನೆರೆಯವರು ಕಾಲಿಡುವ ಹಾಗೆ. ಆಮೇಲೆ ಹಳೆಯ ಕಿರೀಟವನ್ನು ತಂದರೂ ಅದು ಕೂರುವುದಿಲ್ಲ.

ನಾನು ಮರುದಿನವೇ ಹೋದೆ. ವೈದ್ಯರು ಚಿತ್ರ ತೆಗೆದು, ಗೂಟದ ಅಂಚಿನಲ್ಲಿ ಆಗ ತಾನೇ ಮೊದಲಾಗಿದ್ದ ಹುಳುಕನ್ನು ಕೆರೆದು, ಹಳೆಯ ಸಿಮೆಂಟನ್ನು ಬಿಡಿಸಿ, ಅದೇ ಕಿರೀಟವನ್ನು ಕೂರಿಸಿ, ಹತ್ತಿಯುಂಡೆಯೊಂದನ್ನು ಕಚ್ಚಿಕೊಂಡಿರುವಂತೆ ಹೇಳಿದರು. ಇನ್ನು ಮೂರು ತಿಂಗಳು ಬಿಟ್ಟಿದ್ದರೆ ಕಿರೀಟಕ್ಕೆ ತಲೆಯೇ ಇರುತ್ತಿರಲಿಲ್ಲ ಎಂದರು. ಬಾಯಿ ಬಿಡಲಾಗದ ಆ ಸ್ಥಿತಿಯಲ್ಲಿಯೇ, “ಅಡಕೆ ಅಗಿಯುವ ಅಭ್ಯಾಸವುಂಟೆ?” ಎಂದು ಕೇಳಿದರು. ನಾನು ತಲೆಯನ್ನು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ರೀತಿಯಲ್ಲಿ ಆಡಿಸಿದೆ. ಅವರು ಬರೆದುಕೊಂಡರು. ಮನೆಗೆ ಬಂದು ನೋಡಿದರೆ ಎಲೆಯಡಕೆಯ ತಟ್ಟೆಯಲ್ಲಿ ಅಡಕತ್ತರಿ ಇರಲಿಲ್ಲ. ಮೊಮ್ಮಗಳು ಅದನ್ನು ಎಲ್ಲಿಟ್ಟಿದ್ದಾಳೆಂದು ಇಂದಿಗೂ ಹೇಳಿಲ್ಲ.